ಮೂರು ಸಲ ಹಿಗ್ಗಿದ ತಾಯಿ

ಭೀಮಾ ಸೀಮೆಯ ಬಂಧುಗಳೇ, ಆಳಂದ, ಅಫಜಲಪುರ, ಜೇವರ್ಗಿಯ ಯರಿಹೊಲಗಳ ಒಡೆಯರೇ, ಆ ಹೊಲಗಳಲ್ಲಿ ಬೆನ್ನು ಬಗ್ಗಿಸಿ ದುಡಿಯುವವರೇ, ಹೊಲ ಬಿಟ್ಟು ಶಹರ ಸೇರಿದರೂ ಎಳ್ಳ ಅಮವಾಸ್ಯೆಗೆ ಮಾತ್ರ ತಪ್ಪದೆ ಊರಿಗೆ ಬರುವವರೇ, ಈ ಮಾತು ನಿಮಗೆ. ಭೂಮಿಗೆ ಜೀವವಿದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಾರ್ಗಶಿರದ ಅಮವಾಸ್ಯೆಯಂದು, ಬಿಳಿಜೋಳ ಹೊಡೆ ತುಂಬುವ ಹೊತ್ತಿಗೆ, ಆಕೆಯನ್ನು ತುಂಬು ಬಸುರಿಯೆಂದು ನಂಬಿ ಬಯಕೆಯೂಟ ಹೊತ್ತು ಹೊಲಕ್ಕೆ ಹೋಗುವವರು ನೀವು. ಸಜ್ಜೆಯ ಕಡಬು, ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ, ಅಂಬಲಿ ತುಂಬಿದ ಬುಟ್ಟಿ ಇಳಿಸಿ, ಬನ್ನಿಯ ಬುಡದಲ್ಲೋ ದಂಟಿನ ಗೂಡಿನಲ್ಲೋ ಐದು ಕಲ್ಲಿಟ್ಟು ಪೂಜಿಸಿ, ಆಮೇಲೆ ಮನೆಯ ಹಿರಿಯರು ಚರಗ ಚೆಲ್ಲುತ್ತ ಹೊಲ ಸುತ್ತುತ್ತಾರೆ. ಅವರ ಹಿಂದೆಯೇ ಇನ್ನೊಬ್ಬರು ತಂಬಿಗೆ ಹಿಡಿದು, ಅನ್ನ ಬಿದ್ದಲ್ಲೆಲ್ಲ ನೀರು ಚಿಮುಕಿಸುತ್ತ ಬರುತ್ತಾರೆ. ಬಸುರಿ ಉಂಡ ಮೇಲೆ ನೀರು ಕುಡಿಯಬೇಕಲ್ಲ! ಇಷ್ಟು ಸೂಕ್ಷ್ಮ ಬಲ್ಲವರು ನೀವು. ಅದಕ್ಕಾಗಿಯೇ ನಿಮ್ಮ ಮುಂದೆ ನಿಂತು ಈ ಮಾತು ಹೇಳುವ ಧೈರ್ಯ ಬಂದಿದೆ.

ನಿಮ್ಮ ಹಾಗೆಯೇ ಮಣ್ಣನ್ನು ತಾಯಿ ಎಂದು ನಂಬಿದ ಇನ್ನೊಂದು ಜನವಿದೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಇರಾನ್ ತೊರೆದು ಗುಜರಾತಿನ ಸಂಜಾಣಕ್ಕೆ ಬಂದು ನೆಲೆಸಿದ ಪಾರಸಿಗಳು. 2011ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಅವರು ಇದ್ದದ್ದು ಸುಮಾರು 57 ಸಾವಿರ. ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿ ಅವರದೊಂದು ಅಗಿಯಾರಿ ಇದೆ. 1926ರಲ್ಲಿ ಪ್ರತಿಷ್ಠೆಯಾದ ಅಗ್ನಿಮಂದಿರ ಅದು. ಬೆಂಕಿಯನ್ನು ಪೂಜಿಸುವವರು ಎಂದಷ್ಟೇ ಅವರನ್ನು ನಾವು ಬಲ್ಲೆವು. ಅವರ ಧರ್ಮ ಮಣ್ಣಿನ ಬಗ್ಗೆ ಏನು ಹೇಳಿದೆ ಎಂಬುದು ನಮ್ಮ ಕಿವಿಗೆ ಬಿದ್ದದ್ದು ಕಡಿಮೆ. ನಮ್ಮ ಎಳ್ಳ ಅಮವಾಸ್ಯೆ ಭೂಮಿತಾಯಿಗೆ ಉಣಿಸುವುದನ್ನು ಕಲಿಸಿತು. ಆ ತಾಯಿ ನಗುವುದು ಎಲ್ಲಿ, ಅಳುವುದು ಎಲ್ಲಿ ಎಂದು ಬಾಯಿಬಿಟ್ಟು ಕೇಳಿದವರು ಆ ಜನ. ಸಿಕ್ಕ ಉತ್ತರವನ್ನು ಧರ್ಮಗ್ರಂಥದಲ್ಲಿ ಬರೆದಿಟ್ಟರು. ಆ ಉತ್ತರವನ್ನು ಭೀಮೆಯ ದಂಡೆಯಲ್ಲಿ ನಿಂತು ಓದಿದರೆ, ನಮ್ಮ ಹೊಲವನ್ನೇ ನೋಡಿ ಬರೆದರೇನೋ ಅನ್ನಿಸಿ ಎದೆ ಭಾರವಾಗುತ್ತದೆ.

ಪಾರಸಿಗಳ ಪ್ರವಾದಿ ಜರತುಷ್ಟ್ರ. ಅವನ ಅನುಯಾಯಿಗಳ ಸೃಷ್ಟಿಕಥೆಯಲ್ಲಿ ದೇವರಾದ ಅಹುರ ಮಜ್ದಾ ಮೊದಲು ಆಕಾಶವನ್ನು ಮಾಡಿದ, ಆಮೇಲೆ ನೀರು, ಮೂರನೆಯದಾಗಿ ಭೂಮಿ. ಗಿಡಮರ, ದನಕರು, ಮನುಷ್ಯ, ಬೆಂಕಿ, ಎಲ್ಲವೂ ಆಮೇಲೆ. ತತ್ತಿಯೊಳಗಿನ ಹಳದಿಯಂತೆ ಭೂಮಿ ಆಕಾಶದ ನಡುವೆ ಇತ್ತು. ಮೊದಲಿಗೆ ಅದು ಸಮತಟ್ಟಾಗಿತ್ತು, ಬೆಟ್ಟವಿರಲಿಲ್ಲ, ಕಂದರವಿರಲಿಲ್ಲ. ಕೇಡಿನ ಶಕ್ತಿಯಾದ ಅಂಗ್ರ ಮೈನ್ಯು ಒಳನುಗ್ಗಿದಾಗ ಭೂಮಿ ನಡುಗಿತು; ಆ ನಡುಕಕ್ಕೇ ಬೆಟ್ಟಗಳು ಮೇಲೆದ್ದವು ಎನ್ನುತ್ತದೆ ಬುಂದಹಿಶ್ನ್ ಎಂಬ ಗ್ರಂಥ. ಆ ಕಥೆಯಲ್ಲಿ ಪ್ರತಿಯೊಂದು ಸೃಷ್ಟಿಗೂ ಒಬ್ಬ ಪಾಲಕ ದೈವವಿದೆ. ಭೂಮಿಗೆ ಇರುವವಳು ಸ್ಪೆಂತಾ ಆರ್ಮೈತಿ. ಭಕ್ತಿ, ತಾಳ್ಮೆ ಅವಳ ಗುಣ. ಕಾಲಡಿಯ ಮಣ್ಣು ಅವಳ ಮೈ. ಹೀಗಾಗಿ ಆ ಧರ್ಮದಲ್ಲಿ ಮನುಷ್ಯನ ಒಳಗಿನ ತಾಳ್ಮೆಗೂ ಹೊರಗಿನ ನೆಲಕ್ಕೂ ತಾಯಿ ಒಬ್ಬಳೇ. ನೆಲವನ್ನು ಕೆಡಿಸಿದವನು ತನ್ನ ಅಂತಃಕರಣವನ್ನೂ ಕೆಡಿಸಿಕೊಳ್ಳುತ್ತಾನೆ. ಮೊದಲ ಮನುಷ್ಯ ಗಯೋಮರ್ತ ಸತ್ತಾಗ ಅವನ ಬೀಜದ ಒಂದು ಪಾಲನ್ನು ಒಡಲಲ್ಲಿಟ್ಟು ಕಾದವಳೂ ಅವಳೇ. ನಲವತ್ತು ವರ್ಷ ಕಳೆದ ಮೇಲೆ ಆ ನೆಲದಿಂದ ಒಂದು ಗಿಡ ಚಿಗುರಿ, ಆ ಗಿಡವೇ ಮೊದಲ ಗಂಡು ಹೆಣ್ಣಾಯಿತು. ಮನುಕುಲವೆಲ್ಲ ಮಣ್ಣಿನ ಬಸಿರಿನಿಂದ ಬಂದದ್ದು ಎಂದು ನಂಬಿದ ಜನ ಅವರು. ಬಸುರಿ ಭೂಮಿಗೆ ಚರಗ ಚೆಲ್ಲುವ ನಿಮಗೆ ಈ ಕಥೆ ಪರಕೀಯ ಅನ್ನಿಸಲಾರದು.

ಆ ಜನ ಹೇಳಿದ ಇನ್ನೊಂದು ಕಥೆಯನ್ನೂ ಕೇಳಿ. ಯಿಮ ಎಂಬ ಅರಸನ ಕಾಲದಲ್ಲಿ ಸಾವೇ ಇಲ್ಲದೆ ಜನ, ದನ, ನಾಯಿ, ಹಕ್ಕಿ, ಒಲೆಯ ಬೆಂಕಿ ಎಲ್ಲ ಹೆಚ್ಚಿ ಭೂಮಿಯ ಮೇಲೆ ಜಾಗವೇ ಸಾಲದಾಯಿತು. ಅರಸ ಬಂಗಾರದ ಸಾಧನದಿಂದ ಮಣ್ಣನ್ನು ಮುಟ್ಟಿ, ತಾಯಿ, ದಯಮಾಡಿ ಸ್ವಲ್ಪ ಅಗಲವಾಗು ಎಂದು ಬೇಡಿಕೊಂಡ. ಆಕೆ ಹಿಗ್ಗಿದಳು. ಮುನ್ನೂರು ವರ್ಷ ಕಳೆದು ಮತ್ತೆ ಜಾಗ ಸಾಲದಾಯಿತು, ಮತ್ತೆ ಬೇಡಿದ, ಮತ್ತೆ ಹಿಗ್ಗಿದಳು. ಮೂರನೆಯ ಸಲವೂ ಹಿಗ್ಗಿದಳು. ನಾಲ್ಕನೆಯ ಸಲದ ಕಥೆ ಇಲ್ಲ. ಅಲ್ಲಿಂದಾಚೆ ಬರುವುದು ದೇವರ ಎಚ್ಚರಿಕೆ: ಭೀಕರ ಚಳಿಗಾಲ ಬರಲಿದೆ, ಒಳ್ಳೆಯ ಬೀಜ, ಒಳ್ಳೆಯ ಜೀವಗಳನ್ನೆಲ್ಲ ಒಂದು ಕೋಟೆಯಲ್ಲಿ ಕಾಪಿಡು ಎಂದು. ಮಕ್ಕಳು ಕೇಳಿದಾಗಲೆಲ್ಲ ತಾಯಿ ತನ್ನ ಮೈಯನ್ನೇ ಹಿಗ್ಗಿಸಿ ಕೊಟ್ಟಳು. ಸಾಕು ಎಂದು ಒಂದು ಸಲವೂ ಆಕೆಯ ಬಾಯಿಂದ ಬರಲಿಲ್ಲ. ತಾಯಂದಿರು ಹಾಗೆಯೇ. ಅದರಲ್ಲೂ ಈ ತಾಯಿ. ಆಕೆ ಬಾಯಿಬಿಟ್ಟು ಹೇಳುವುದಿಲ್ಲ.

ಹೇಳದ ತಾಯಿಯ ಪರವಾಗಿ ಜರತುಷ್ಟ್ರನೇ ದೇವರನ್ನು ಕೇಳಿದ: ಭೂಮಿಗೆ ಎಲ್ಲಕ್ಕಿಂತ ಸಂತೋಷವಾಗುವ ಜಾಗ ಯಾವುದು? ವೆಂದಿದಾದ್ ಎಂಬ ಗ್ರಂಥದಲ್ಲಿ ಇದಕ್ಕೆ ಐದು ಉತ್ತರಗಳಿವೆ. ಸಜ್ಜನರು ನಿಂತು ಪ್ರಾರ್ಥಿಸುವ ಜಾಗ. ಮನೆ ಕಟ್ಟಿ, ಒಲೆ ಹೊತ್ತಿ, ಹೆಂಡತಿ ಮಕ್ಕಳು ದನಕರು ತುಂಬಿ ತುಳುಕುವ ಜಾಗ. ಕಾಳು, ಹುಲ್ಲು, ಹಣ್ಣಿನ ಗಿಡ ಬೆಳೆಯುವ ಜಾಗ, ಒಣನೆಲಕ್ಕೆ ನೀರು ಹಾಯಿಸಿ ಜೌಗಿನ ನೀರು ಬಸಿದು ಹದ ಮಾಡುವ ಜಾಗ. ದನ ಕುರಿ ಹೆಚ್ಚುವ ಜಾಗ. ದನ ಕುರಿ ಹೆಚ್ಚು ಗೊಬ್ಬರ ಹಾಕುವ ಜಾಗ. ಗಮನಿಸಿ, ಪ್ರಾರ್ಥನೆಯ ಪಕ್ಕದಲ್ಲೇ ಸಗಣಿ ಗೊಬ್ಬರವೂ ಪುಣ್ಯದ ಪಟ್ಟಿಯಲ್ಲಿದೆ. ಕುರಿಗಾರರು ಹೊಲದಲ್ಲಿ ಕುರಿ ತರುಬಿದರೆ ಮರುವರ್ಷ ಜೋಳ ಹೇಗೆ ಬರುತ್ತದೆ ಎಂದು ಕಂಡವರಿಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಕಾಳು ಬಿತ್ತುವವನು ಧರ್ಮವನ್ನೇ ಬಿತ್ತುತ್ತಾನೆ ಎಂಬುದು ಆ ಗ್ರಂಥದ ನಿಲುವು. ಒಕ್ಕಲುತನವೇ ಅಲ್ಲಿ ಪೂಜೆ.

ಹಾಗಾದರೆ ಆಕೆ ಎಲ್ಲಕ್ಕಿಂತ ಹೆಚ್ಚು ನೋಯುವುದು ಎಲ್ಲಿ? ಅದಕ್ಕೂ ಐದು ಉತ್ತರಗಳಿವೆ. ದುಷ್ಟಶಕ್ತಿಗಳು ಪಾತಾಳದಿಂದ ನುಗ್ಗಿ ಬರುವ ಜಾಗ. ಹೆಣಗಳನ್ನು ಹೂತ ಜಾಗ. ಹೆಣವಿಡುವ ಕಟ್ಟಡಗಳೇ ತುಂಬಿದ ಜಾಗ. ಕೇಡಿನ ಜೀವಿಗಳು ತೋಡಿದ ಬಿಲಗಳು ಹೆಚ್ಚಿದ ಜಾಗ. ಇಲ್ಲಿಯವರೆಗೆ ಯಾರಾದರೂ ಊಹಿಸಬಹುದು. ಐದನೆಯದನ್ನು ಕೇಳಿ. ಸಜ್ಜನನೊಬ್ಬನ ಹೆಂಡತಿ ಮಕ್ಕಳು ಸೆರೆಯಾಳುಗಳಾಗಿ, ಧೂಳು ತುಂಬಿದ ಒಣದಾರಿಯಲ್ಲಿ ಅಳುತ್ತ ನಡೆಯುವ ಜಾಗ. ಅಲ್ಲಿ ಭೂಮಿ ನೋಯುತ್ತಾಳಂತೆ. ಮಣ್ಣಿನ ದುಃಖ ಎಂದರೆ ಮಣ್ಣು ಕೆಡುವುದು ಮಾತ್ರ ಎಂದುಕೊಂಡಿದ್ದ ನಮಗೆ, ತನ್ನ ಮೇಲೆ ನಡೆದುಹೋಗುವ ಕೂಸಿನ ಕಣ್ಣೀರಿಗೂ ಮಣ್ಣು ಮರುಗುತ್ತದೆ ಎಂದು ಆ ಪುರಾತನರು ತಿಳಿಸಿದರು.

ಆ ಒಣದಾರಿ ನಿಮಗೆ ಗೊತ್ತು. ನಿಮ್ಮ ತಾಂಡಾದಿಂದ, ನಿಮ್ಮ ಓಣಿಯಿಂದ, ನಿಮ್ಮ ಊರ ಬಸ್‌ಸ್ಟ್ಯಾಂಡಿನಿಂದ ಹೊರಡುವ ದಾರಿ ಅದು. ಸುಗ್ಗಿ ಕೈಕೊಟ್ಟ ವರ್ಷ, ಸಾಲದವರು ಬಾಗಿಲಿಗೆ ಬಂದ ವರ್ಷ, ಗುಳೆ ಹೋಗುವ ಕುಟುಂಬಗಳು ಪಾತ್ರೆಪಗಡ ಕಟ್ಟಿದ ಗಂಟು, ಒಂದು ಚೀಲ ಜೋಳದ ಹಿಟ್ಟು, ತೋಳಲ್ಲಿ ಹಸುಗೂಸು ಹಿಡಿದು ಪುಣೆಗೆ, ಮುಂಬಯಿಗೆ, ಹೈದರಾಬಾದಿಗೆ, ಬೆಂಗಳೂರಿಗೆ ಹೊರಡುತ್ತವೆ. ಬೀಗ ಹಾಕಿದ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ, ಪಕ್ಕದಲ್ಲಿ ಶಾಲೆಗೆ ಹೆಸರು ಮಾತ್ರ ಹಚ್ಚಿದ ಮೊಮ್ಮಕ್ಕಳು. ಅವರನ್ನು ಯಾರೂ ಸರಪಳಿ ಹಾಕಿ ಎಳೆದೊಯ್ಯುವುದಿಲ್ಲ, ನಿಜ. ಮುಂಗಡದ ಹಣ ಸಾಕು, ಅದೇ ಸರಪಳಿ. ಭೂಮಿಯನ್ನು ಎಡಗೈಯಿಂದಲೂ ಬಲಗೈಯಿಂದಲೂ ಉತ್ತು ಬಿತ್ತಿದವನಿಗೆ ಆಕೆ ತಪ್ಪದೆ ಅನ್ನ ಕೊಡುತ್ತಾಳೆ, ಉಳದವನು ಪರರ ಬಾಗಿಲಲ್ಲಿ ಅನ್ನಕ್ಕೆ ಕೈಯೊಡ್ಡಿ ನಿಲ್ಲುತ್ತಾನೆ ಎಂದು ನಂಬಿದ್ದ ಗ್ರಂಥ ಆ ವೆಂದಿದಾದ್. ನಮ್ಮ ಸೀಮೆಯಲ್ಲಿ ಎರಡೂ ಕೈಯಿಂದ ದುಡಿದವರೇ ಪರರ ಬಾಗಿಲಲ್ಲಿ ನಿಂತಿದ್ದಾರೆ. ಧರ್ಮದ ಮಾತು ತಲೆಕೆಳಗಾಗಿದೆ. ಇದಕ್ಕೆ ಆಕೆ ಕಾರಣಳೇ? ಆಕೆ ಬಾಯಿಬಿಟ್ಟು ಹೇಳುವುದಿಲ್ಲ. ನಾವು ಹೇಳಬೇಕಿತ್ತು.

ಇನ್ನು ಆ ನಾಲ್ಕನೆಯ ಉತ್ತರದ ಬಿಲಗಳ ಮಾತಿಗೆ ಬರೋಣ. ಕೊಳಕೂರದ ಕಡೆಯಿಂದ ಭೀಮಾ-ಅಮರ್ಜಾ ಸಂಗಮದ ಗಾಣಗಾಪುರದ ತನಕ, ಭೀಮೆಯ ಒಡಲಿಂದ ರಾತ್ರಿ ಹೊತ್ತು ಏರಿ ಬರುವ ಟ್ರ್ಯಾಕ್ಟರುಗಳ ಸದ್ದು ನಿಮ್ಮಲ್ಲಿ ಯಾರಿಗೆ ಕೇಳಿಸಿಲ್ಲ? ಮರಳು ಎಂದರೆ ನದಿ ತನ್ನ ನೀರನ್ನು ಬಚ್ಚಿಟ್ಟುಕೊಳ್ಳುವ ಜಾಗ. ಅದನ್ನು ಬಗೆದು ಒಯ್ದರೆ ನದಿಯ ಪಾತ್ರ ತಗ್ಗುತ್ತದೆ, ದಂಡೆಯ ಬಾವಿಯ ನೀರು ಇಳಿಯುತ್ತದೆ, ಬುಡ ಸಡಿಲಾದ ದಂಡೆ ಹೊಳೆ ಬಂದಾಗ ಹೊಲದ ಸಮೇತ ಕುಸಿಯುತ್ತದೆ. 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ಊರುಗಳಿಗೆ ನುಗ್ಗಿದ ದಿನಗಳನ್ನು ನೀವು ಕಂಡಿದ್ದೀರಿ. ಹೊಳೆ ಇಳಿದ ಮೇಲೆ ಹೊಲದ ಮೇಲ್ಮಣ್ಣು ಎಲ್ಲಿ ಹೋಯಿತೆಂದು ಹುಡುಕಿದ ಕಣ್ಣುಗಳನ್ನೂ ಕಂಡಿದ್ದೀರಿ. ಮರಳು ತೆಗೆದ ಗುಂಡಿಗೆ ಮಳೆಗಾಲದಲ್ಲಿ ನೀರು ತುಂಬಿದರೆ ಆಳ ಮೇಲಿಂದ ಕಾಣುವುದಿಲ್ಲ. ಅದಕ್ಕೆ ಇಳಿಯುವುದು ಮೈ ತೊಳೆಯಲು ಹೋದ ಎಮ್ಮೆ, ಎಮ್ಮೆಯ ಹಿಂದೆ ಇಳಿದ ಹುಡುಗ. 2023ರ ಜೂನ್‌ನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳು ತಡೆಯಲು ಹೋದ ಪೊಲೀಸ್ ಹೆಡ್ ಕಾನ್‌ಸ್ಟೆಬಲ್ ಒಬ್ಬರ ಮೇಲೆ ಟ್ರ್ಯಾಕ್ಟರ್ ಹರಿದು ಅವರು ಜೀವ ಬಿಟ್ಟರು. ಆ ಸುದ್ದಿ ಓದಿ ನೀವು ಮರುಗಿದಿರಿ. ಮರುಗಿ, ಮನೆ ಕಟ್ಟಿಸುವಾಗ ಮರಳು ಎಲ್ಲಿಯದು ಎಂದು ಕೇಳದೆ ಇಳಿಸಿಕೊಂಡಿರಿ. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಆ ಕಡೆ ಮುಖ ತಿರುಗಿಸಿದಿರಿ.

ಇನ್ನು ನಮ್ಮ ಹೆಮ್ಮೆಯ ತೊಗರಿ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಾಗ ನಾವೆಲ್ಲ ಬೀಗಿದೆವು, ಬೀಗಬೇಕಾದದ್ದೇ. ಮೂರು ವರ್ಷ ಕಳೆದ ಮೇಲೆ, 2022ರ ಕೊನೆಗೆ, ನೆಟೆರೋಗ ಬಂದು ಹೂ ಕಾಯಿ ಹೊತ್ತ ಗಿಡಗಳು ನಿಂತ ನಿಲುವಿನಲ್ಲೇ ಒಣಗಿದವು. ನೆಟೆರೋಗದ ಶಿಲೀಂಧ್ರ ಮಣ್ಣಿನಲ್ಲೇ ಬದುಕುತ್ತದೆ; ವರ್ಷದ ಮೇಲೆ ವರ್ಷ ಅದೇ ಹೊಲಕ್ಕೆ ಅದೇ ತೊಗರಿ ಬಿತ್ತಿದರೆ ನಾವೇ ಅದಕ್ಕೆ ಅನ್ನ ಹಾಕಿದಂತೆ. ಹಿಂದೆ ಸಾಲಿನ ನಡುವೆ ಸಜ್ಜೆ, ಎಳ್ಳು, ಹೆಸರು, ಅಲಸಂದಿ, ಬದುವಿನ ಮೇಲೆ ಪುಂಡಿ, ಅಗಸೆ ಎಂದೆಲ್ಲ ಇರುತ್ತಿದ್ದವು. ಆ ಹೊಲವೇ ಭಜ್ಜಿಯ ಪಾತ್ರೆಗೆ ಬರುತ್ತಿತ್ತು. ಈಗ ಎಳ್ಳ ಅಮವಾಸ್ಯೆಯ ಹಿಂದಿನ ದಿನ ಸಂತೆಯಲ್ಲಿ ಕಾಳು, ಸೊಪ್ಪು ಕೊಂಡು ತಂದು ಭಜ್ಜಿ ಮಾಡುತ್ತೇವೆ. ಬಸುರಿ ತಾಯಿಗೆ ಆಕೆಯ ಹೊಲದಲ್ಲಿ ಬೆಳೆಯದ ಊಟವನ್ನು ಕೊಂಡು ತಂದು ಬಡಿಸುತ್ತೇವೆ. ಆಕೆ ಅದನ್ನೂ ಉಣ್ಣುತ್ತಾಳೆ. ಬೇಡ ಎನ್ನುವುದಿಲ್ಲ. ಆಕೆ ಬಾಯಿಬಿಟ್ಟು ಹೇಳುವುದಿಲ್ಲ.

ಬಾಯಿಲ್ಲದವರಲ್ಲಿ ಹಕ್ಕಿಗಳೂ ಇವೆ. ಹೆಣದಿಂದ ಮಣ್ಣು ಮೈಲಿಗೆಯಾಗಬಾರದೆಂದು ಪಾರಸಿಗಳು ತಮ್ಮವರ ಕಳೇಬರವನ್ನು ಹೂಳದೆ, ಸುಡದೆ, ದಖ್ಮಾ ಎಂಬ ಕಲ್ಲಿನ ಗೋಪುರದ ಮೇಲಿಟ್ಟು ರಣಹದ್ದುಗಳಿಗೆ ಒಪ್ಪಿಸುತ್ತ ಬಂದವರು. ಸತ್ತ ಮೇಲೂ ತಾಯಿಗೆ ಹೊರೆಯಾಗದೆ ಇನ್ನೊಂದು ಜೀವದ ಹಸಿವಿಗೆ ಆಗುವ ಕೊನೆಯ ದಾನ ಅದು. 1990ರ ದಶಕದಿಂದ ಈ ದೇಶದ ರಣಹದ್ದುಗಳು ಸಾಲುಸಾಲಾಗಿ ಸತ್ತವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ, ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡವನ್ನು ಕೊಲ್ಲುತ್ತದೆ ಎಂದು 2004ರಲ್ಲಿ ತಿಳಿಯಿತು. 2006ರಲ್ಲಿ ಸರ್ಕಾರ ದನಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ಅಷ್ಟು ಹೊತ್ತಿಗೆ ಮುಂಬಯಿಯ ಮಲಬಾರ್ ಹಿಲ್‌ನ ಪಾರಸಿ ದಖ್ಮಾಗಳಿರುವ ಡೂಂಗರ್‌ವಾಡಿಯ ಆಕಾಶ ಬರಿದಾಗಿತ್ತು. ಹದ್ದಿನ ಕೆಲಸಕ್ಕೆ ಬಿಸಿಲು ಕೇಂದ್ರೀಕರಿಸುವ ಕನ್ನಡಿಗಳನ್ನು ತಂದು ನಿಲ್ಲಿಸಬೇಕಾಯಿತು. ಕರ್ನಾಟಕದಲ್ಲಿ ಅಳಿದುಳಿದ ಹದ್ದುಗಳಿಗಾಗಿ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ಧಾಮವೆಂದು ಘೋಷಿಸಬೇಕಾಯಿತು. ದನಕ್ಕೆ ಸೂಜಿ ಹಾಕಿಸಿದವರಾರೂ ಹದ್ದನ್ನು ಕೊಲ್ಲಬೇಕೆಂದು ಹಾಕಿಸಲಿಲ್ಲ. ಕೆಟ್ಟವರಿಂದ ಆಗುವ ಕೇಡಿಗಿಂತ, ಒಳ್ಳೆಯವರು ಆಚೆಗೇನಾಗುತ್ತದೆ ಎಂದು ನೋಡದೆ ಇರುವುದರಿಂದ ಆಗುವ ಕೇಡು ದೊಡ್ಡದು.

ನೀವು ಒಳ್ಳೆಯವರು. ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಶರಣಬಸವೇಶ್ವರರನ್ನು ಹೆತ್ತ ಸೀಮೆ ಇದು. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿ, ಒಕ್ಕಲುತನ ಮಾಡುತ್ತಲೇ ದಾಸೋಹ ನಡೆಸಿದ ಆ ಶರಣರು, ಜೋಳ ಕಾಯಲು ಅಟ್ಟ ಹತ್ತಿದಾಗ ಕವಣೆ ಬೀಸಲಿಲ್ಲ, ಕಾಳು ತಿಂದ ಹಕ್ಕಿಗಳಿಗೆ ನೀರಡಿಕೆಯಾದೀತೆಂದು ನೀರು ತುಂಬಿಟ್ಟರು ಎಂಬ ಕಥೆಯನ್ನು ಕೇಳುತ್ತಲೇ ನೀವು ಬೆಳೆದಿರಿ. ಹಕ್ಕಿಯ ನೀರಡಿಕೆಯನ್ನು ನೆನೆದವರ ಮಕ್ಕಳು ನೀವು. ಬಸುರಿ ಭೂಮಿಗೆ ಉಂಡ ಮೇಲೆ ನೀರು ಬೇಕೆಂದು ಬಲ್ಲವರ ಮಕ್ಕಳು ನೀವು. ನಿಮಗೆ ಗೊತ್ತಿಲ್ಲ ಎಂದು ನಾನು ಹೇಗೆ ನಂಬಲಿ? ನಾನೊಬ್ಬ ಬಿಟ್ಟರೆ ಮರಳು ನಿಲ್ಲುತ್ತದೆಯೇ, ನಾನೊಬ್ಬ ಬದಲಾದರೆ ಹೊಲ ಸುಧಾರಿಸುತ್ತದೆಯೇ, ದೊಡ್ಡವರ ಗೊಡವೆ ನಮಗೇಕೆ ಎಂದು ನಿಮ್ಮ ಮನಸ್ಸು ಹೇಳುವುದು ನನಗೂ ಕೇಳಿಸುತ್ತದೆ. ಬಲವಿಲ್ಲದವನ ಮಾತಿಗೆ ಬೆಲೆಯೇನು ಎಂದು ನೀವು ಕೇಳುತ್ತೀರಿ.

ಅದೇ ಪ್ರಶ್ನೆಯನ್ನು ಜರತುಷ್ಟ್ರನ ಗಾಥೆಗಳಲ್ಲಿ ಗೋವಿನ ಆತ್ಮ ಕೇಳಿದೆ. ಗಾಥೆಗಳೆಂದರೆ ಆ ಧರ್ಮದ ಅತಿ ಹಳೆಯ ಮಾತುಗಳು. ಆ ಗೋವಿನ ಗೋಳಿನಲ್ಲಿ ಇಡೀ ಭೂಮಿಯ ಗೋಳನ್ನೇ ಕೇಳಿದವರಿದ್ದಾರೆ. ನನ್ನನ್ನು ಯಾರಿಗಾಗಿ ಸೃಷ್ಟಿಸಿದಿರಿ, ಕೋಪ ಕ್ರೌರ್ಯಗಳು ನನ್ನನ್ನು ಅರೆಯುತ್ತಿವೆ, ನನ್ನನ್ನು ಕಾಯುವವರು ಯಾರು ಎಂದು ಆಕೆ ದೇವರ ಮುಂದೆ ಗೋಗರೆಯುತ್ತಾಳೆ. ಸದಾ ಸುಮ್ಮನಿದ್ದವಳು ಬಾಯಿಬಿಟ್ಟ ಗಳಿಗೆ ಅದು. ಹುಡುಕಿ ಹುಡುಕಿ ದೇವರು ಒಬ್ಬನನ್ನು ತೋರಿಸುತ್ತಾನೆ, ಜರತುಷ್ಟ್ರನನ್ನು. ಆಕೆಗೆ ನಿರಾಸೆಯಾಗುತ್ತದೆ. ಬಲವಂತನಾದ ಒಡೆಯ ಬೇಕೆಂದು ಬೇಡಿದೆ, ನನಗೆ ಸಿಕ್ಕಿದ್ದು ಬಲವಿಲ್ಲದ ಮನುಷ್ಯನ ದನಿಯೇ ಎಂದು ಮರುಗುತ್ತಾಳೆ. ದೇವರು ಬೇರೆ ಯಾರನ್ನೂ ಕಳಿಸಲಿಲ್ಲ. ಸೈನ್ಯವಿಲ್ಲದ, ಸಿಂಹಾಸನವಿಲ್ಲದ, ಬರಿಯ ಮಾತಿನ ಮನುಷ್ಯನೊಬ್ಬನನ್ನೇ ನಂಬಿ ಆಕೆ ಸುಮ್ಮನಾಗಬೇಕಾಯಿತು. ಆ ಧರ್ಮದಲ್ಲಿ ಭೂಮಿಯ ಕಾವಲು ಶುರುವಾದದ್ದು ಹೀಗೆ.

ಈ ಸೀಮೆಯಲ್ಲೂ ಆಕೆಗೆ ಸಿಕ್ಕಿರುವವರು ನೀವೇ. ಆದ್ದರಿಂದ ಬೇಡಿಕೊಳ್ಳುತ್ತೇನೆ. ತೊಗರಿಯ ಸಾಲಿನ ನಡುವೆ ಮತ್ತೆ ಸಜ್ಜೆ, ಎಳ್ಳು, ಹೆಸರಿಗೆ ಜಾಗ ಕೊಡಿ. ನೆಟೆರೋಗ ಬಂದ ಹೊಲಕ್ಕೆ ಮರುವರ್ಷ ಜೋಳ ಬಿತ್ತಿ. ಹೊಲದ ಕಸಕಡ್ಡಿಗೆ ಬೆಂಕಿ ಹಚ್ಚದೆ ತಿಪ್ಪೆಗೆ ಹಾಕಿ. ತಾಯಿಯ ಮೈಮೇಲೆ ಬೆಂಕಿ ಇಟ್ಟು ಆಮೇಲೆ ಚೀಲದ ಗೊಬ್ಬರ ಕೊಂಡು ತರುವುದು ಯಾವ ಲೆಕ್ಕ? ಒಡೆದ ಒಡ್ಡು ಕಟ್ಟಿ, ಮೇಲ್ಮಣ್ಣು ಹಳ್ಳ ಸೇರದಂತೆ ತಡೆಯಿರಿ. ದನಕ್ಕೆ ನೋವಿನ ಔಷಧ ಹಾಕಿಸುವಾಗ ಹದ್ದಿಗೆ ಕೇಡಾಗದ್ದು ಯಾವುದೆಂದು ಪಶುವೈದ್ಯರನ್ನು ಒಂದು ಮಾತು ಕೇಳಿ. ಮರಳು ಇಳಿಸುವ ಮುನ್ನ ಪರ್ಮಿಟ್ ತೋರಿಸು ಎನ್ನಿ. ಹೊಲವುಳ್ಳವರು ಕೂಲಿಯನ್ನು ನ್ಯಾಯವಾಗಿ ಕೊಡಿ. ಹೊಲವಿಲ್ಲದವರ ಪರವಾಗಿ ಊರಲ್ಲೇ ಉದ್ಯೋಗ ಖಾತ್ರಿಯ ಕೆಲಸ ಕೊಡಿಸಿ ಎಂದು ಅರ್ಜಿ ಬರೆದುಕೊಡಿ. ಒಡ್ಡು ಕಟ್ಟುವ, ಕೆರೆ ಹೂಳೆತ್ತುವ ಆ ಕೆಲಸದಿಂದ ಗುಳೆ ಹೋಗುವ ಒಂದೇ ಒಂದು ಕುಟುಂಬ ಊರಲ್ಲೇ ಉಳಿದರೂ, ಅವರ ಒಲೆ ಹೊತ್ತಿ ಮಕ್ಕಳು ಶಾಲೆಗೆ ನಡೆದರೂ, ಆ ಜಾಗದಲ್ಲಿ ಭೂಮಿ ಸಂತೋಷಪಡುತ್ತಾಳೆ ಎಂದು ಮೂರು ಸಾವಿರ ವರ್ಷದ ಧರ್ಮವೊಂದು ಸಾಕ್ಷಿ ಹೇಳುತ್ತಿದೆ.

ಮೂರು ಸಲ ಹಿಗ್ಗಿದ ತಾಯಿ ಇನ್ನೊಂದು ಸಲ ಹಿಗ್ಗಲಾರಳು. ಈ ಯರಿಮಣ್ಣು ಕರಿಕಲ್ಲು ಕರಗಿ ಆದದ್ದು, ಒಂದು ಬೊಗಸೆ ಆಗಲು ತಲೆಮಾರುಗಳೇ ಬೇಕು. ಕಳೆದುಕೊಳ್ಳಲು ಒಂದು ಮಳೆ ಸಾಕು. ಮುಂದಿನ ಗ್ರಾಮಸಭೆಗೆ ಹೋಗಿ. ಮರಳಿನ ಮಾತು, ಒಡ್ಡಿನ ಮಾತು, ಗುಳೆಯ ಮಾತು ಬರೆಸಿ, ಠರಾವು ಆಗುವ ತನಕ ಎದ್ದು ಬರಬೇಡಿ. ದನಿ ನಡುಗಿದರೂ ಪರವಾಗಿಲ್ಲ. ಆಕೆ ಬಾಯಿಬಿಟ್ಟು ಹೇಳುವುದಿಲ್ಲ, ನೀವು ಹೇಳಿ.